ದೇವಿರಮ್ಮ ಬಿಚ್ಚಿದ ವಾಲ್ವ್

ಮೈಸೂರಿನ ಸಿದ್ಧಾರ್ಥನಗರದ ದೇವಿರಮ್ಮ ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರ ನಡೆಸಿದವರು. ಅದು ಮುಚ್ಚಿದ ಮೇಲೆ ಊರಾಚೆಯ ಕೆರೆಯೊಂದರ ಖಾಸಗಿ ದೋಣಿವಿಹಾರ ಕೇಂದ್ರದಲ್ಲಿ ಮೆಕ್ಯಾನಿಕ್ ಆಗಿ ಸೇರಿದರು. ಮೊದಲ ದಿನ ಯಾರೋ ಕೈಗೆ ಪೊರಕೆ ಕೊಟ್ಟರು. ಅದನ್ನು ಗೋಡೆಗೆ ಒರಗಿಸಿ ಸ್ಪ್ಯಾನರ್ ಎತ್ತಿಕೊಂಡರು.

ಕಳೆದ ಬೇಸಿಗೆಯಲ್ಲಿ ಮೂವತ್ತು ಸೀಟಿನ ಮೋಟಾರು ದೋಣಿಯನ್ನು ರಿಪೇರಿಗೆಂದು ದಡಕ್ಕೆ ಎಳೆದಿದ್ದರು. ಅದರ ತಳದಲ್ಲೊಂದು ತೂತು. ಎಂಜಿನ್ ತಣ್ಣಗಿರಲು ಕೆರೆಯ ನೀರು ಒಳಬರುವುದು ಅಲ್ಲಿಂದಲೇ. ಆ ತೂತಿನ ಬಾಯಿಗೊಂದು ವಾಲ್ವ್. ಒಳಗಿನ ಪೈಪು ಒಡೆದರೆ ನೀರು ನುಗ್ಗದಂತೆ ತಡೆಯಬೇಕಾದ್ದು ಅದೊಂದೇ. ದೇವಿರಮ್ಮ ಹಿಡಿ ತಿರುಗಿಸಿದರು. ಜಪ್ಪಯ್ಯ ಅಂದರೂ ಕದಲಲಿಲ್ಲ. ಅರದಿಂದ ಕೆರೆದರು. ಹಳದಿ ಇರಬೇಕಾದ ಹಿತ್ತಾಳೆ ನಸುಗೆಂಪಾಗಿತ್ತು. ಸತುವೆಲ್ಲ ಕರಗಿಹೋಗಿ ಟೊಳ್ಳಾದ ಲೋಹದ ಬಣ್ಣ ಅದು.

ಮ್ಯಾನೇಜರ್ ವಸಿಷ್ಠ ಬಂದು ಬಗ್ಗಿ ನೋಡಿದರು. "ಸೋರ್ತಿಲ್ವಲ್ಲ? ಬಣ್ಣ ಹೊಡೆದು ಇಳಿಸಿ ದೇವಿರಮ್ಮ. ಭಾನುವಾರ ಸ್ಕೂಲ್ ಮಕ್ಕಳು ಬರ್ತಾರೆ."

"ಇದು ಸತ್ತೋಗಿದೆ ಸಾರ್. ಕಂಚಿಂದು ತರ್ಸಿ."

"ಅದಕ್ಕೆ ವಾರ ಆಗುತ್ತೆ. ಹೇಳಿದಷ್ಟು ಮಾಡಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ."

ದೇವಿರಮ್ಮ ಸ್ಪ್ಯಾನರ್ ಹಾಕಿ ವಾಲ್ವನ್ನೇ ಬಿಚ್ಚಿದರು. ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು. ಬಿಸ್ಕತ್ತಿನ ಹಾಗೆ ಮುರಿಯಿತು.

"ಈಗ ಇಳ್ಸಿ ಸಾರ್, ನೋಡಾಣ" ಎಂದು ಚೂರುಗಳನ್ನು ಅವರ ಕೈಗಿಟ್ಟು ಮಧ್ಯಾಹ್ನದ ಬಸ್ಸಿಗೇ ಮನೆಗೆ ಹೋದರು.

ವಸಿಷ್ಠ ಚಂದ್ರು ಎಂಬ ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಚೂರು ತಿರುಗಿಸಿ ನೋಡಿ, "ಆಯಮ್ಮ ಸರಿಯಾಗೇ ಹೇಳವ್ರೆ ಕಣ್ರೀ. ಕಂಚಿಂದು ಬರೋವರ್ಗೂ ನಾನಂತೂ ಇದಕ್ಕೆ ಕೈ ಹಾಕಲ್ಲ" ಎಂದು ಹೊರಟೇಬಿಟ್ಟ. ಭಾನುವಾರ ಬಂದ ಮಕ್ಕಳು ದಡದಲ್ಲೇ ಆಡಿ ಹಿಂದಿರುಗಿದರು.

ಎಂಟನೇ ದಿನ ವಸಿಷ್ಠ ಫೋನ್ ಮಾಡಿದರು. "ಹೊಸ ವಾಲ್ವ್ ಬಂದಿದೆ. ನೀವೇ ಬಂದು ಹಾಕ್ಬೇಕು."

"ಬತ್ತೀನಿ. ಆದ್ರೆ ಇನ್ಮೇಲೆ ನಾನು ಊಂ ಅನ್ನದೆ ಒಂದು ದೋಣೀನೂ ನೀರಿಗೆ ಇಳೀಬಾರ್ದು. ಅಂಗಂತ ಬರ್ದು ಆಫೀಸಲ್ಲಿ ಹಾಕಿ."

ಮರುದಿನ ಅವರು ಬರುವಷ್ಟರಲ್ಲಿ ಬರೆದು ಹಾಕಿದ್ದರು. ಪೂರ್ತಿ ಓದಿದ ಮೇಲೇ ದೇವಿರಮ್ಮ ಕೆಲಸಕ್ಕೆ ಕೂತರು. ಹೊಸ ವಾಲ್ವ್ ಬಿಗಿದು, ಇಪ್ಪತ್ತು ಸಲ ತೆಗೆದು ಮುಚ್ಚಿ ನೋಡಿದರು. ವಾಲ್ವ್ ಕೈಕೊಟ್ಟರೆ ತೂತಿಗೆ ಜಡಿಯಲೆಂದು ಮರದ ಬಿರಟೆಯೊಂದನ್ನು ಪಕ್ಕದಲ್ಲೇ ದಾರದಿಂದ ಕಟ್ಟಿದರು. ದೋಣಿ ನೀರಿಗಿಳಿದಾಗ ಒಳಗೆ ಮಂಡಿಯೂರಿ ವಾಲ್ವಿನ ಸುತ್ತ ಬೆರಳಾಡಿಸಿದರು. ಒಂದು ಹನಿಯೂ ಇರಲಿಲ್ಲ.

"ಹೊರಡಬಹುದಾ?" ದಡದಿಂದ ವಸಿಷ್ಠ ಕೇಳಿದರು.

"ಎಂಜಿನ್ ಬಿಸಿ ಆಗ್ಲಿ, ಇನ್ನೊಂದ್ಸಲ ನೋಡ್ಬೇಕು. ಕಾಯ್ರಿ."

ಅವರು ಕಾದರು.