ಗೋಣಿಬೀಡಿನಿಂದಾಚೆ ನಾಲ್ಕು ಮೈಲಿ

ಕೋಡುಬಳೆ ಗಾತ್ರದ ಒಂದು ರಬ್ಬರ್ ಸೀಲ್ ಹರಿದದ್ದಕ್ಕೆ ನನ್ನ ಜೀವ ಬಾಯಿಗೆ ಬಂದಿತ್ತು ಎಂದರೆ ನೀವು ನಗುತ್ತೀರಿ. ನಗಿ, ಈಗ ನನಗೂ ನಗು ಬರುತ್ತದೆ. ಮಾರ್ಚ್ ತಿಂಗಳ ಬಿಸಿಲಲ್ಲಿ ರೊಬಸ್ಟಾ ಕಾಫಿ ಗಿಡದ ಮೊಗ್ಗುಗಳು ನೀರಿಗೆ ಕಾದು ಕೂತಿರುತ್ತವೆ; ಆಗ ಮಳೆಯೋ ಸ್ಪ್ರಿಂಕ್ಲರ್ ನೀರೋ ಬಿದ್ದರೆ ವಾರ ಹತ್ತು ದಿನದಲ್ಲಿ ಗುಡ್ಡವೆಲ್ಲ ಬೆಳ್ಳಗೆ ಹೂವಾಗುತ್ತದೆ, ಬೀಳದಿದ್ದರೆ ಮೊಗ್ಗು ಕರಕಲಾಗಿ ಬರುವ ಫಸಲಿನ ಆಸೆ ಬಿಡಬೇಕು. ನಮ್ಮ ಕೆರೆಯ ಮುದಿ ಪಂಪು ಅರ್ಧ ಗುಡ್ಡಕ್ಕೆ ನೀರುಣಿಸಿ, ಇನ್ನರ್ಧ ಬಾಕಿ ಇರುವಾಗ ಸೀಲ್ ಹರಿದುಕೊಂಡು ಕೂತಿತು. ಅದರ ಅಳತೆಯ ಸೀಲ್ ಚಿಕ್ಕಮಗಳೂರಿನಲ್ಲೆಲ್ಲೂ ಸಿಗದೆ, ಫೋನಿನಲ್ಲೇ ಹುಡುಕಿ ಕೊಯಮತ್ತೂರಿನಿಂದ ತರಿಸಿದೆ.

ಅಜ್ಜನ ಕಾಲದಲ್ಲಿ ಕಾಫಿ ಮೂಟೆಗಳು ಎತ್ತಿನ ಗಾಡಿಯಲ್ಲಿ, ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೊರಡುತ್ತಿದ್ದವಂತೆ. ಗಾಡಿ ಹೊಡೆಯುವವನು ಮರಳಿ ಬಂದಾಗಲೇ ಮೂಟೆ ತಲುಪಿದ ಸುದ್ದಿ. ಅಲ್ಲಿಯವರೆಗೆ ಅಜ್ಜ ನಿಶ್ಚಿಂತೆಯಿಂದ ಎಲೆಯಡಿಕೆ ಮೆಲ್ಲುತ್ತಿದ್ದರು. ಅಪ್ಪನ ಕಾಲಕ್ಕೆ ಲಾರಿ ಬಂತು, ಲಾರಿಯ ಹಿಂದೆಯೇ ಚಿಂತೆಯೂ ಬಂತು: ಏರಿನಲ್ಲಿ ಕೆಟ್ಟು ನಿಂತಿತೋ, ಡ್ರೈವರ್ ಊಟಕ್ಕೆ ಕೂತನೋ ಎಂದು ಅಪ್ಪ ಗೇಟಿಗೆ ಹೋಗಿ ಬಂದು ಚಪ್ಪಲಿ ಸವೆಸಿದರು. ಈಗ ಪಿಕಪ್ಪು, ಕಂಟೈನರು, ಹಡಗುಗಳ ಕಾಲ. ಚಿಕ್ಕಮಗಳೂರಿಗೆ ರೈಲೂ ಬಂದಿದೆ, ನಮ್ಮ ಮೂಟೆಗಳು ಮಾತ್ರ ಇನ್ನೂ ಅದರ ಮುಖ ನೋಡಿಲ್ಲ. ವೇಗ ಹೆಚ್ಚಿದಷ್ಟೂ ನಮ್ಮ ಮನೆಯಲ್ಲಿ ನೆಮ್ಮದಿ ಇಳಿಯುತ್ತಾ ಬಂತು ಎನ್ನಿಸುತ್ತದೆ, ಏಕೆಂದರೆ ಸರಕು ಎಲ್ಲಿದೆಯೆಂದು ನಿಮಿಷ ನಿಮಿಷಕ್ಕೂ ತಿಳಿಯುವ ಯೋಗ ಬಂದದ್ದು ನನ್ನ ಪಾಲಿಗೇ.

ಸೀಲ್ ಸೇಲಂ ದಾಟಿತು, ಬೆಂಗಳೂರಿನ ಗೋದಾಮು ಸೇರಿತು, ಹಾಸನದಲ್ಲಿ ವಿಶ್ರಮಿಸಿತು. ಹಲ್ಲುಜ್ಜುತ್ತಲೂ ಫೋನಿನಲ್ಲಿ ಅದರ ಪ್ರವಾಸಕಥನ ಓದುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ‘ತಲುಪಿಸಲಾಗಿದೆ’ ಎಂದು ಸಂದೇಶ ಬಂತು. ಗೇಟಿಗೆ ಓಡಿದೆ, ಅಲ್ಲಿ ನಾಯಿ ಮಲಗಿತ್ತು, ಅಷ್ಟೆ. ನಮ್ಮ ತೋಟಕ್ಕೆ ಗೋಣಿಬೀಡಿನಿಂದ ಇನ್ನೂ ನಾಲ್ಕು ಮೈಲಿ ಕಲ್ಲುದಾರಿ, ಕೊರಿಯರಿನ ಬೈಕು ಅದನ್ನು ಹತ್ತುವುದಿಲ್ಲ. ಎಂದಿನಂತೆ ಪೊಟ್ಟಣವನ್ನು ಗೋಣಿಬೀಡಿನ ಶಿವಣ್ಣನವರ ದಿನಸಿ ಅಂಗಡಿಯಲ್ಲಿ ಕೊಟ್ಟು ಹೋಗಿದ್ದರು. ಅಂಗಡಿಗೆ ಫೋನು ಮಾಡಿದೆ.

“ಅಯ್ಯೋ ಮಾರಾಯ್ರೆ, ಆಗ್ಲೇ ಕಳ್ಸಿದ್ನಲ್ಲ! ನಿಮ್ಮ ಕಡೆ ಪಿಕಪ್ ಹೊರಟಿತ್ತು, ಕೊಟ್ಬಿಟ್ಟೆ.”

“ಯಾರ ಪಿಕಪ್ಪು?”

“ಅದು ಕೇಳ್ಲಿಲ್ಲ. ನಿಮ್ಮ ಹೆಸ್ರು ಹೇಳ್ದೆ, ಗೊತ್ತು ಅಂದ.”

ನಮ್ಮಲ್ಲಿ ಸಾಮಾನು ಸಾಗುವ ಪದ್ಧತಿಯೇ ಇದು. ಆ ಕಡೆ ಹೋಗುವವರ ಕೈಗೆ ಕೊಟ್ಟರೆ ಕೊಟ್ಟವರ ಜವಾಬ್ದಾರಿ ಮುಗಿಯಿತು. ಕೊಟ್ಟಿದ್ದೇವೆಂದು ಹೇಳಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ. ಮದುವೆಯ ಕರೆಯೋಲೆ, ನಾಟಿ ಕೋಳಿ, ಅಜ್ಜಿಯ ಕನ್ನಡಕ ಎಲ್ಲವೂ ಹೀಗೆಯೇ ಕೈ ದಾಟಿ ಬಂದಿವೆ. ಆದರೆ ಮರುದಿನವೂ ಸೀಲ್ ಬಾರದೆ, ಮೊಗ್ಗಿನ ತುದಿ ಕಂದತೊಡಗಿದಾಗ, ನಾನು ನಮ್ಮೂರಿನ ಪದ್ಧತಿಯನ್ನೆಲ್ಲ ಬಾಯಿತುಂಬ ಬೈದೆ. ನಿಜ ಹೇಳುತ್ತೇನೆ, ಹೆದರಿದ್ದೆ.

ಅದರ ಮರುದಿನ ಉರಿಬಿಸಿಲಲ್ಲಿ ಗಿರಿಜಕ್ಕ ಬಂದರು. ನಮ್ಮ ತೋಟದ ಹಳೆಯ ಆಳು; ಪಂಪು ಕೆಡುವ ಮೊದಲೇ ರಜೆ ಹಾಕಿ, ಬಾಣಂತಿ ಮಗಳನ್ನು ನೋಡಿಕೊಳ್ಳಲು ಗೋಣಿಬೀಡಿನ ಹತ್ತಿರಕ್ಕೆ ಹೋಗಿದ್ದವರು. ತಲೆಯ ಮೇಲಿನ ಗಂಟು ಇಳಿಸಿ, ಬಟ್ಟೆಗಳ ನಡುವಿನಿಂದ ನನ್ನ ಪೊಟ್ಟಣ ತೆಗೆದರು. ಪಿಕಪ್ಪಿನವನು ದಾರಿಯಲ್ಲಿ ಅವರನ್ನು ಕಂಡು, ನಿಮ್ಮ ತೋಟದವರದ್ದು ಎಂದು ಕೊಟ್ಟು ಹೋಗಿದ್ದನಂತೆ.

“ಏನೋ ಔಷಧಿ ಅಂದ್ಕಂಡು ಇಟ್ಟಿದ್ದೆ. ಇವತ್ತು ಅಳಿಯ ನೋಡಿ ಪಂಪಿನ ಸೀಲು ಅಂದ. ಹೂವಿನ ಟೈಮಲ್ಲಿ ಪಂಪ್ ಕೆಟ್ರೆ ಏನಾಗತ್ತೆ ಅಂತ ನಂಗೊತ್ತಿಲ್ವಾ? ಈ ಕಡೆ ಬರೋ ಪಿಕಪ್ಪು ಸಂಜೆಗಂತೆ. ನಡ್ದೇ ಬಂದೆ.”

ಎರಡು ದಿನದಿಂದ ಜೋಡಿಸಿಟ್ಟಿದ್ದ ಬೈಗುಳವೆಲ್ಲ ಬದಿಗಿಟ್ಟು ಅವರನ್ನು ನೆರಳಲ್ಲಿ ಕೂರಿಸಿದೆ. ಮಜ್ಜಿಗೆ ಕೊಟ್ಟೆ. ಬಿಸಿಲಿಳಿಯುವ ಹೊತ್ತಿಗೆ ಪಂಪು ಕೆಮ್ಮಿ, ಉಗುಳಿ, ನೀರೆತ್ತಿತು. ಗಾಡಿ ಹೋಗಿ ಲಾರಿ ಬಂದು, ಲಾರಿಯ ಹಿಂದೆ ಇನ್ನೇನೇನೋ ಬಂದರೂ ಗೋಣಿಬೀಡಿನಿಂದಾಚೆಗೆ ಒಬ್ಬರ ತಲೆ, ಎರಡು ಕಾಲು ಬೇಕೇ ಬೇಕಾಯಿತಲ್ಲ ಎಂದುಕೊಳ್ಳುತ್ತಾ, ಅಭ್ಯಾಸಬಲದಿಂದ ಫೋನು ಹಿಡಿದೇ ನಿಂತಿದ್ದೆ. ಗಿರಿಜಕ್ಕ ಪಕ್ಕದಲ್ಲಿ ಕೂತು ಹಿಮ್ಮಡಿ ಒತ್ತಿಕೊಳ್ಳುತ್ತಿದ್ದರು.

“ಯಾವಾಗ್ಲೂ ಅದನ್ನೇ ನೋಡ್ತೀರಲ್ಲ,” ಎಂದರು, “ನಾನು ಹಳ್ಳ ದಾಟಿದ್ದು ಅದ್ರಲ್ಲಿ ಬರ್ಲಿಲ್ವಾ?”

“ಇಲ್ಲ ಗಿರಿಜಕ್ಕ, ಬರ್ಲಿಲ್ಲ,” ಎಂದೆ. ಇನ್ನರ್ಧ ಗುಡ್ಡದ ಮೇಲೆ ನೀರು ಬೀಳುತ್ತಿತ್ತು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.