ನೀರು ಮುಟ್ಟದ ಗೆಳೆಯ

ಅವನು ಪೂಜಾರಿಗಳ ಮನೆಯವನು. ನಾರಾಯಣಪೇಟೆಯ ತಹಸೀಲ್ ಕಚೇರಿಯಲ್ಲಿ ನಮ್ಮ ಜೊತೆ ಗುಮಾಸ್ತ. ಸಂಜೆ ಕಚೇರಿ ಬಿಟ್ಟ ಮೇಲೆ ನಾವು ನಾಲ್ವರು ಗೆಳೆಯರು ಬಜಾರಿನ ಸಾಬರ ಹೋಟೆಲಿಗೆ ಹೋಗುತ್ತಿದ್ದೆವು. ಸಾಬರು ನಮಗೆಲ್ಲ ಚಾಚಾ. ಸಣ್ಣ ಸಣ್ಣ ತಾಟಿನಲ್ಲಿ ಮಿರ್ಚಿ, ಉಳ್ಳಾಗಡ್ಡಿ ಭಜಿ, ವಡೆ, ಖಾರದ ಶೇಂಗಾ ಬರುತ್ತಿದ್ದವು. ಎಲ್ಲರ ತಾಟಿಗೂ ಮೊದಲು ಕೈ ಹಾಕುವವನು ಅವನೇ.

"ಹಿಟ್ಟು ಕಲಸಾಕ ನೀರು ಹಾಕಿರ್ತಾರಲ್ಲೋ ಆಚಾರ್ಯಾ?" ಎಂದು ಕೆಣಕಿದರೆ, "ಎಣ್ಣ್ಯಾಗ ಬಿತ್ತಲ್ಲ, ಶುದ್ಧ ಆತು," ಎನ್ನುತ್ತಿದ್ದ. ಭಜಿ ಬಿಡಿಸಿ, ಉಳ್ಳಾಗಡ್ಡಿ ನನ್ನ ತಾಟಿಗೆ ಹಾಕಿ, ಹೊರಗಿನ ಹಿಟ್ಟಷ್ಟೇ ತಿನ್ನುವನು. ಚಾಚಾನ ನೀರು ಮಾತ್ರ ಮುಟ್ಟುತ್ತಿರಲಿಲ್ಲ. ನೀರನ್ನು ಎಣ್ಣೆಯಲ್ಲಿ ಕರಿಯಲು ಬರುವುದಿಲ್ಲವಲ್ಲ! ಮಿರ್ಚಿ ತಿಂದು ಕಣ್ಣು ಮೂಗು ಸುರಿಸುತ್ತ, ಬಿಕ್ಕಳಿಸುತ್ತ, ಧೋತರ ಎತ್ತಿ ಹಿಡಿದು ಮನೆಯ ಬಾವಿಗೆ ಓಡುವನು. ಚಾಚಾ ನಗುತ್ತ ದಾರಿ ಬಿಡುತ್ತಿದ್ದರು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಸಾಬರಿಗೆ ಕೆಟ್ಟ ಕಾಲ ಬಂತು; ಚಾಚಾ ಎಷ್ಟೋ ದಿನ ಹೋಟೆಲು ತೆರೆಯಲಿಲ್ಲ. ತೆರೆದ ದಿನ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಜಾರೆಲ್ಲ ನೋಡುತ್ತಿತ್ತು. ನಾವು ಮೂವರು ಎದುರಿನ ಕಟ್ಟೆಯ ಹತ್ತಿರ ಹಿಂದೆ ಮುಂದೆ ನೋಡುತ್ತ ನಿಂತೆವು. ಅವನು ಸೀದಾ ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಕುಂತು, ಬಜಾರಿಗೆಲ್ಲ ಕೇಳುವಂತೆ ಕೂಗಿದ: "ಚಾಚಾ, ನೀರು ಕೊಡ್ರಿ!"

ಚಾಚಾ ಗ್ಲಾಸು ಹಿಡಿದು ನಿಂತೇಬಿಟ್ಟರು. "ನೀರಾ? ನಿಮಗಾ, ಆಚಾರ್ರೇ?"

"ಏನ್ ಮಾಡೂದ್ರಿ, ನಿಮ್ಮ ಮಿರ್ಚಿ ಭಾಳ ಖಾರ ಅದಾವ," ಎಂದು ಗಟಗಟ ಕುಡಿದ.

ಬಾಣಲೆಯಲ್ಲಿ ಎಣ್ಣೆ ಇನ್ನೂ ಕಾದಿರಲಿಲ್ಲ.