ಸೋದರತ್ತೆ ಹಡಗು ನೋಡಿದ್ದು

ನಾನು ಹುಟ್ಟಿ ಬೆಳೆದದ್ದು ಚೆನ್ನೈನಲ್ಲಿ. ಕೆಲಸ ಬಂದರಿನ ಪಕ್ಕದಲ್ಲೇ, ಪ್ಯಾರಿಸ್ ಕಾರ್ನರಿನ ಹಳೆಯ ಕಟ್ಟಡವೊಂದರಲ್ಲಿ, ವಿಮಾ ಕಚೇರಿಯ ಸಾಗರ ವಿಭಾಗದಲ್ಲಿ. ಹಡಗಿನಲ್ಲಿ ಬರುವಾಗ ನೀರು ಕುಡಿದ ಬೇಳೆ, ತುಕ್ಕು ಹಿಡಿದ ಕಬ್ಬಿಣ, ಚೂರಾದ ಗಾಜು, ಇವುಗಳ ಪರಿಹಾರದ ಫೈಲುಗಳಿಗೆ ಟಿಪ್ಪಣಿ ಬರೆಯುತ್ತಲೇ ನನ್ನ ತಲೆ ನೆರೆತಿದೆ. ಆದರೆ ನೀನು ಹಡಗು ನೋಡಿದ್ದೀಯಾ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದ ಕಾರಣ ನನಗೂ ಅದೊಂದು ಕೊರತೆ ಅನ್ನಿಸಿರಲಿಲ್ಲ. ಹಡಗೆಂದರೆ ಫೈಲಿನ ಮೇಲಿನ ಒಂದು ಹೆಸರು. ಅದು ಮುಳುಗಿದರೆ ಇನ್ನೊಂದು ಫೈಲು.

ಕೇಳಿದವಳು ನನ್ನ ಸೋದರತ್ತೆ. ನಮ್ಮ ಅಜ್ಜ ಇಳಕಲ್ಲಿನಿಂದ ಸೀರೆಯ ಗಂಟು ಹೊತ್ತು ಬಂದು ಸೌಕಾರ್‌ಪೇಟೆಯಲ್ಲಿ ಅಂಗಡಿ ಇಟ್ಟವನು. ಅಪ್ಪ ಇಲ್ಲಿಯೇ ಉಳಿದ, ಅಪ್ಪನ ತಂಗಿ ಊರಲ್ಲೇ ಅಜ್ಜಿಯ ಬಳಿ ಬೆಳೆದಳು, ಅವಳನ್ನು ಇಳಕಲ್ಲಿಗೇ ಕೊಟ್ಟರು. ಎಪ್ಪತ್ತು ದಾಟಿದ ಮೇಲೆ ಅತ್ತೆಗೆ ಲೋಕ ನೋಡುವ ಹುರುಪು ಬಂತು. ರೈಲಾಯಿತು. ಓಣಿಯ ಹೆಂಗಸರ ಜೊತೆ ಕಾಶಿಗೆ ಹೋದಾಗ ವಿಮಾನವೂ ಆಯಿತು. ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ಹಡಗ ಒಂದ ಉಳದೈತಿ ನೋಡ ತಮ್ಮಾ. ನಿಮ್ಮೂರಾಗ ನಿಂದರತಾವಂತಲ್ಲ, ತೋರಸಿಬಿಡು. ನಾ ಊರಿಗೆ ಹೊಕ್ಕೀನಿ."

ಇದೇನು ಮಹಾ ಎಂದು ಸಂಜೆಗೇ ಮರೀನಾ ಬೀಚಿಗೆ ಕರೆದೊಯ್ದೆ. ದೂರದಲ್ಲಿ, ಆಕಾಶ ನೀರಿಗೆ ಹತ್ತಿದ ಕಡೆ, ಎರಡು ಮೂರು ಕಪ್ಪು ಚುಕ್ಕೆಗಳಿದ್ದವು. "ಅವೇ ನೋಡ್ರಿ ಅತ್ತಿ" ಎಂದೆ. ಅತ್ತೆ ಕೈ ಅಡ್ಡ ಹಿಡಿದು ನೋಡಿದಳು.

"ಅವು ಚುಕ್ಕಿ. ಚುಕ್ಕಿ ನಾನೂ ದಿನಾ ಅಂಗಳದಾಗ ಇಡತೀನಿ. ಹಡಗ ತೋರಸು."

ಮರುದಿನ ರಜೆ ಹಾಕಿದೆ. ಕಾಲೇಜಿಗೆ ಹೋಗುವ ಮಗಳು ಕಾರ್ಯಕ್ರಮ ವಹಿಸಿಕೊಂಡಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು, ಇಲ್ಲವೇ ಇಂಗ್ಲಿಷು. ಫೋನು ತೆಗೆದು, ಬಂದರಿನ ಸುತ್ತ ನೋಡಲೇಬೇಕಾದ ಹತ್ತು ತಾಣಗಳನ್ನು ಒಂದೇ ಉಸಿರಿಗೆ ಓದಿದಳು. ಪ್ರತಿಯೊಂದಕ್ಕೂ ನಕ್ಷತ್ರಗಳಿದ್ದವು. ಹತ್ತರಲ್ಲಿ ಒಂದೂ ಹಡಗಲ್ಲ. "ಪರವಾಯಿಲ್ಲೆಪ್ಪಾ, ಎಲ್ಲಾಮೇ ಹಾರ್ಬರ್ ಪಕ್ಕಂ ದಾನ್" ಎಂದು, ಎಲ್ಲವೂ ಬಂದರಿನ ಹತ್ತಿರವೇ ಎಂಬ ಧೈರ್ಯ ಹೇಳಿದಳು. ಹೆಂಡತಿ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಟ್ಟು, ತನಗೆ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ನಮ್ಮ ಮನೆಯಲ್ಲಿ ಮುಂದಾಲೋಚನೆ ಇರುವುದು ಅವಳೊಬ್ಬಳಿಗೇ.

ಮೊದಲನೆಯ ತಾಣ ಹೈಕೋರ್ಟಿನ ಕೆಂಪು ಕಟ್ಟಡ. ಅದರ ಆವರಣದಲ್ಲಿ ಒಂದು ಕಾಲಕ್ಕೆ ಹಡಗುಗಳಿಗೆ ದಾರಿ ತೋರುತ್ತಿದ್ದ ಹಳೆಯ ದೀಪಸ್ತಂಭವಿದೆ, ನಾಲ್ಕೂವರೆ ನಕ್ಷತ್ರ. ಗೇಟಿನಲ್ಲಿ ಪೊಲೀಸಿನವನು ತಡೆದು, "ಕೇಸ್ ಇರುಕ್ಕಾ?" ಎಂದ. ಕೇಸ್ ಎಂಬ ಮಾತು ಅತ್ತೆಗೆ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

"ಐತಪ್ಪಾ. ಹೊಲದ ಬದುವಿಂದು. ಹುನಗುಂದ ಕೋರ್ಟಿನ್ಯಾಗ. ನಮ್ಮ ಮೈದುನ ಹಾಕ್ಯಾನ" ಎಂದು ಶುರುಮಾಡಿದಳು.

ಅವನಿಗೆ ಏನು ತಿಳಿಯಿತೋ, ಹಿರಿಯರ ವ್ಯಾಜ್ಯವೆಂದು ಮರುಕಪಟ್ಟು ಪಾಸಿನ ಕಿಟಕಿ ತೋರಿಸಿದ. ಅಲ್ಲಿನ ಸರತಿಯಲ್ಲಿ ನಿಜವಾಗಿ ಕೇಸು ಇದ್ದವರೇ ಬೆಳಗಿನಿಂದ ನಿಂತಿದ್ದರು. ದೀಪಸ್ತಂಭವನ್ನು ನಾವು ಬೇಲಿಯಾಚೆಯಿಂದಲೇ ನೋಡಿದೆವು. "ದೀಪ ಎಲ್ಲೈತಿ?" ಎಂದಳು ಅತ್ತೆ. ಈಗ ಹಚ್ಚುವುದಿಲ್ಲ ಎಂದೆ. "ದೀಪಿಲ್ಲದ ಕಂಬಕ್ಕ ಇಷ್ಟು ಕಾವಲ ಯಾಕ?" ಎಂದಳು.

ಅಲ್ಲಿಂದ ಬರ್ಮಾ ಬಜಾರು. ಸಾಲು ಸಾಲು ಪುಟ್ಟ ಅಂಗಡಿಗಳು, ತುಂಬ ಚಾರ್ಜರು, ಟೀವಿ ರಿಮೋಟು, ಫೋನಿನ ಕವರು. ಈ ಅಂಗಡಿಗಳ ಹಿಂದೆ ರೈಲು, ರೈಲಿನ ಹಿಂದೆ ಬಂದರು ಎಂದು ನಾನು ವಿವರಿಸಿದ್ದೇ ತಪ್ಪಾಯಿತು. ಅತ್ತೆ ಒಂದು ಅಂಗಡಿಯ ಸಂದಿಯಲ್ಲಿ ಬಗ್ಗಿ ಹಿಂದಕ್ಕೆ ಇಣುಕಿದಳು. ಅಂಗಡಿಯವನು ಅತ್ತಿತ್ತ ನೋಡಿ ದನಿ ತಗ್ಗಿಸಿದ: "ಉಳ್ಳೇ ಐಟಂ ಇರುಕ್ಕುಮ್ಮಾ. ಎನ್ನ ವೇಣುಂ?" ಹಣೆಯ ತುಂಬ ವಿಭೂತಿ, ಮೈಮೇಲೆ ಟೋಪ ತೆನಿ ಸೆರಗಿನ ಇಳಕಲ್ಲ ಸೀರೆ. ಇಂಥ ಮುದುಕಿ ಒಳಗಿನ ಯಾವ ಐಟಂ ಕೇಳುತ್ತಾಳೆಂದು ಅವನು ಎಣಿಸಿದನೋ ಗೊತ್ತಿಲ್ಲ. ಅತ್ತೆ, "ಹಡಗ" ಎಂದಳು. ಅವನು ಸ್ವಲ್ಪ ಯೋಚಿಸಿ ಬ್ಯಾಟರಿ ಹಾಕಿದರೆ ಓಡುವ ಒಂದು ದೋಣಿಯನ್ನು ತೆಗೆದು ತೋರಿಸಿದ.

ಮೂರನೆಯದು ಸೌಕಾರ್‌ಪೇಟೆ. ಇಲ್ಲಿ ನನಗೂ ಸ್ವಂತ ಕಾರ್ಯಕ್ರಮವಿತ್ತು. ಅಜ್ಜನ ಅಂಗಡಿಯಿದ್ದ ಜಾಗದ ಮುಂದೆ ಅತ್ತೆಯನ್ನು ನಿಲ್ಲಿಸಬೇಕು, ಅವಳ ಕಣ್ಣು ತುಂಬಬೇಕು, ನನ್ನದೂ ಸ್ವಲ್ಪ ತುಂಬಬೇಕು. ಹಾಗಂತ ಹಿಂದಿನ ರಾತ್ರಿಯೇ ಅಂದುಕೊಂಡಿದ್ದೆ. ಆ ಜಾಗದಲ್ಲಿ ಈಗ ಪ್ಲಾಸ್ಟಿಕ್ ಹೂವಿನ ಮಳಿಗೆ. ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ಹೊಸ್ತಿಲು ನೋಡುತ್ತ ನಿಂತಿದ್ದಾಗ ಒಳಗಿನಿಂದ ದನಿ ಬಂತು: "ಹೋಲ್‌ಸೇಲ್ ಓನ್ಲಿ." ಅತ್ತೆ ಆಗಲೇ ಎದುರಿನ ಗಾಡಿಯಲ್ಲಿ ಮಸಾಲೆ ಮಜ್ಜಿಗೆ ಕುಡಿಯುತ್ತಿದ್ದಳು. "ಅಪ್ಪ ಇಲ್ಲಿ ಸೆಕಿ ಸೆಕಿ ಅಂತ ಬೈಕೋತಿದ್ದ, ಖರೇನ ಐತಿ" ಎಂದಳು. ಕಣ್ಣು ತುಂಬುವ ಕೆಲಸ ಅಷ್ಟಕ್ಕೇ ಮುಗಿಯಿತು.

ಮಧ್ಯಾಹ್ನದ ಹೊತ್ತಿಗೆ ನಾವು ಕೋಟೆಯ ಮ್ಯೂಸಿಯಂನ ಮುಚ್ಚಿದ ಬಾಗಿಲನ್ನೂ, ಹಳೆಯ ಅಂಚೆ ಕಟ್ಟಡದ ಹೊರಗೋಡೆಯನ್ನೂ ನೋಡಿ ಮುಗಿಸಿದ್ದೆವು. ಮಗಳು ಪ್ರತಿಯೊಂದರ ಮುಂದೆಯೂ ಅತ್ತೆಯನ್ನು ನಿಲ್ಲಿಸಿ ಫೋಟೊ ತೆಗೆದಳು. ಫೋಟೊದಲ್ಲಿ ಅತ್ತೆಯ ಮುಖ ದವಾಖಾನೆಯಲ್ಲಿ ಸರತಿಗೆ ಕೂತವರ ಹಾಗಿತ್ತು. "ಇನ್ನ ಹಡಗ" ಎಂದಳು. ಪಟ್ಟಿಯಲ್ಲಿ ಉಳಿದವುಗಳಲ್ಲಿ ನೀರಿಗೆ ಹತ್ತಿರದ್ದು ಕಾಸಿಮೇಡಿನ ಮೀನು ಬಂದರು. ಅತ್ತೆ ಮೊಟ್ಟೆ ಇಟ್ಟ ತಟ್ಟೆಯನ್ನೂ ಮುಟ್ಟದವಳು. "ಮೀನು ನೋಡಬೇಡ್ರಿ, ದೋಣಿ ಅಷ್ಟ ನೋಡ್ರಿ" ಎಂದು ಒಪ್ಪಿಸಿ ಆಟೊ ಹಿಡಿದೆ.

ಆಟೊ ಬಂದರಿನ ಗೋಡೆಯ ಉದ್ದಕ್ಕೂ ಉತ್ತರಕ್ಕೆ ಸಾಗಿತು. ಆ ಗೋಡೆ ಎತ್ತರವಾದದ್ದು, ಮೇಲೆ ಮುಳ್ಳುತಂತಿ. ಸ್ವಲ್ಪ ದೂರದಲ್ಲೇ ರಸ್ತೆ ಕಟ್ಟಿಹೋಗಿತ್ತು. ಬಂದರಿನ ಗೇಟಿಗೆ ಹೋಗಬೇಕಾದ ಲಾರಿಗಳು, ಒಂದರ ಹಿಂದೊಂದು, ಕಣ್ಣಿಗೆ ಕಾಣುವವರೆಗೆ ನಿಂತಿದ್ದವು. ಡ್ರೈವರುಗಳು ಕೆಳಗಿಳಿದು ಸ್ನಾನ ಮಾಡುತ್ತಿದ್ದರು, ಇಸ್ಪೀಟು ಆಡುತ್ತಿದ್ದರು, ಅಂಗಿ ಒಣಹಾಕಿದ್ದರು. ನಮ್ಮ ಆಟೊದವನು ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಅತ್ತೆ ತಟ್ಟನೆ ಎದ್ದು ಕೂತಳು. "ತಮ್ಮಾ, ಅದು ನಮ್ಮ ಕಲ್ಲು!"

ಎದುರಿನ ಲಾರಿಯಲ್ಲಿ ಸಣ್ಣ ಕೋಣೆಯಷ್ಟು ದೊಡ್ಡ ಕೆಂಪು ಗ್ರಾನೈಟ್ ಬಂಡೆ ಇತ್ತು. ಹಿಂಬದಿಯಲ್ಲಿ "ತಾಯಿಯ ಆಶೀರ್ವಾದ" ಎಂದು ಕನ್ನಡದಲ್ಲಿ ಬರೆದಿತ್ತು. ನಾನು ತಡೆಯುವಷ್ಟರಲ್ಲಿ ಅತ್ತೆ ಇಳಿದು ಹೋಗಿ, ಸ್ಟೋವಿನ ಮುಂದೆ ಕೂತಿದ್ದ ಡ್ರೈವರನನ್ನು ವಿಚಾರಿಸುತ್ತಿದ್ದಳು.

"ಯಾವೂರಪ್ಪಾ?"

ಅವನು ಗಾಬರಿಯಿಂದ ಎದ್ದುನಿಂತ. "ಕುಷ್ಟಗಿ ಕಡೆಯಾಂವರಿ ಯವ್ವಾ. ಕಲ್ಲು ಇಳಕಲ್ಲಿಂದು. ನೀವು ಇಲ್ಲಿ ಹೆಂಗ್ರಿ?"

"ನಾ ಹಡಗ ನೋಡಾಕ ಬಂದೀನಿ. ನೀ ನೋಡೀಯೇನ?"

ಡ್ರೈವರ್ ನಾಚಿಕೊಂಡ. "ಆರು ವರ್ಷದಿಂದ ಬರಾಕತ್ತೀನ್ರಿ. ಒಳಗ ಹೋಗೂದು, ಕಲ್ಲ ಇಳಸೂದು, ಹೊರಗ ಬರೂದು. ಹಡಗ ಖರೇ ಅಂದ್ರ ಸಮಾ ನೋಡಿಲ್ರಿ. ನಮ್ಮ ಮಂದಿ ನಂಬೂದಿಲ್ಲಂತ ಊರಾಗ ನೋಡೀನಿ ಅಂತ ಹೇಳತೀನ್ರಿ."

ವಿಮೆ ಇಳಿಸುವ ನಾನು, ಕಲ್ಲು ಇಳಿಸುವ ಅವನು, ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತೆ ನಮ್ಮಿಬ್ಬರನ್ನೂ ಒಂದೇ ರೀತಿ ನೋಡಿದಳು. ಆಮೇಲೆ ಅವನ ಒಲೆಯ ಮೇಲಿನ ಅನ್ನವನ್ನೂ ನೋಡಿ, ಮರುಕ ಹುಟ್ಟಿ, ನಮ್ಮ ರೊಟ್ಟಿಯ ಡಬ್ಬಿ ತರಿಸಿದಳು. ಊಟವಾದ ಮೇಲೆ ಅವನು ಋಣ ತೀರಿಸುವವನ ಹಾಗೆ ಹೇಳಿದ: "ಮ್ಯಾಲ ಕ್ಯಾಬಿನ್ನಾಗ ಕುಂತ್ರ ಗೋಡಿ ಆಚೆ ಒಂದ ತುದಿ ಕಾಣತೈತ್ರಿ ಯವ್ವಾ. ಹತ್ತತೀರೇನ?"

ಹತ್ತಿಸುವುದು ಸುಲಭವಾಗಲಿಲ್ಲ. ಅವನು ಮೇಲಿನಿಂದ ಎಳೆದ, ನಾನು ಕೆಳಗಿನಿಂದ ನೂಕಿದೆ, ಮಗಳು ವಿಡಿಯೊ ಮಾಡಿದಳು. ಚಪ್ಪಲಿ ನನ್ನ ಕೈಯಲ್ಲಿ ಉಳಿಯಿತು. ಮೇಲೆ ಕೂತ ಅತ್ತೆ ಕತ್ತು ಉದ್ದ ಮಾಡಿ, "ಒಂದು ಬಿಳೆ ಮಾಳಿಗಿ ಕಾಣತೈತಿ, ಕಿಟಕಿ ಅದಾವ" ಎಂದು ಕೂಗಿ ಹೇಳಿದಳು.

ಆಗಲೇ ಮುಂದೆ ಎಲ್ಲೋ ಪೊಲೀಸಿನವನು ಸೀಟಿ ಊದಿದ. ಮುಂಜಾನೆಯಿಂದ ಅಲುಗದ ಲಾರಿಗಳು ಒಮ್ಮೆಲೇ ಹೊಗೆ ಬಿಟ್ಟವು. ಡ್ರೈವರ್ ಸ್ಟೋವನ್ನು ಕಾಲಿನಿಂದ ಆರಿಸಿ ಒಳಗೆಸೆದು, ಸ್ಟೇರಿಂಗ್ ಮುಂದೆ ಹಾರಿ ಕೂತ.

"ಏ, ಅತ್ತಿ ಇಳೀಲಿ, ಅತ್ತಿ ಇಳೀಲಿ!" ಎಂದು ನಾನು ಅರಚಿದೆ.

"ನಿಂತ್ರ ನನ್ನ ಪಾಳಿ ಹೊಕ್ಕೈತ್ರಿ ಸಾಹೇಬ್ರ! ಗೇಟಿಗೆ ಬರ್ರಿ!"

ಅತ್ತೆಯನ್ನು ಕೂರಿಸಿಕೊಂಡು ಬಂಡೆ ಹೊರಟಿತು. ಅವಳು ಕಿಟಕಿಯಿಂದ ಕೈ ಬೀಸುತ್ತಿದ್ದಳು. ಇಳಿಸಿ ಎಂದಲ್ಲ, ನೀವು ಹಿಂದಿಂದ ಬನ್ನಿ ಎಂದು. ಸಾಗರ ವಿಭಾಗದ ಹಿರಿಯ ಅಧಿಕಾರಿಯಾದ ನಾನು ಎರಡು ಚಪ್ಪಲಿ ಎದೆಗೊತ್ತಿಕೊಂಡು ಓಡಿದೆ. ಇಸ್ಪೀಟಿನವರು ಎಲೆ ಹಿಡಿದುಕೊಂಡೇ ನೋಡಿದರು. ಆಟೊದವನಿಗೆ ಮಾತ್ರ ಜನ್ಮ ಸಾರ್ಥಕವಾದಂತಿತ್ತು. "ಏರುಂಗೊ ಸಾರ್, ಪುಡಿಚ್ಚಿಡಲಾಂ!" ಎಂದು, ಹತ್ತಿದರೆ ಹಿಡಿದೇಬಿಡುವವನ ಹಾಗೆ, ಹಾರನ್ ಒತ್ತುತ್ತ ಬಂದ. ಲಾರಿ ಎಮ್ಮೆಯ ನಡಿಗೆಯಲ್ಲಿ ಹೋಗುತ್ತಿತ್ತು, ಆದರೂ ನಡುವೆ ನುಗ್ಗಿದ ಬೇರೆ ಲಾರಿಗಳಿಂದ ನಮಗೆ ಹಿಡಿಯಲಾಗಲಿಲ್ಲ.

ಗೇಟಿಗೆ ಮುಟ್ಟಿದಾಗ ಅತ್ತೆ ಆಗಲೇ ಕೆಳಗಿದ್ದಳು, ಬರಿಗಾಲಲ್ಲಿ. ಮುಂದೆ ಬಂದೂಕು ಹಿಡಿದ ಕಾವಲುಗಾರ. ಅವನು ಉತ್ತರದ ಕಡೆಯ ಹುಡುಗ. "ಮಾತಾಜಿ, ಪಾಸ್ ಕಹಾಂ ಹೈ?" ಎನ್ನುತ್ತಿದ್ದ. ಅತ್ತೆ ಇಳಕಲ್ಲಿನ ಸಂತೆಯ ಹಿಂದಿಯಲ್ಲಿ ಉತ್ತರಿಸುತ್ತಿದ್ದಳು: "ಪಾಸ್ ಕಾಯ್ಕೂ ಬೇಟಾ? ಮೈ ಲೇಕೇ ಜಾತೀ ಕ್ಯಾ ಹಡಗ್? ದೇಖ್ಕೇ ಜಾತೀ."

ನಾನು ಏದುಸಿರು ಬಿಡುತ್ತ ನನ್ನ ಕಚೇರಿಯ ಗುರುತಿನ ಚೀಟಿ ಚಾಚಿದೆ. ಮರೈನ್, ಮರೈನ್ ಎಂದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಯೇ ತೋ ಇನ್ಶೂರೆನ್ಸ್ ಹೈ" ಎಂದು, ಮದುವೆ ಮನೆಯಲ್ಲಿ ಪಾಲಿಸಿ ಮಾರಲು ಬಂದವನಿಗೆ ಹೇಳುವ ಹಾಗೆ ಹೇಳಿ, ವಾಪಸು ಕೊಟ್ಟ. ಅತ್ತೆಗೆ ಮಾತ್ರ, ಡ್ರೈವರನ ಕಾಗದ ನೋಡಿ ಮುಗಿಯುವವರೆಗೆ ಅಲ್ಲಿಯೇ ಬದಿಗೆ ನಿಲ್ಲಲು ಬಿಟ್ಟ. ಅವಳ ಬೆನ್ನ ಹಿಂದೆ ನಾವೂ ನಿಂತೆವು.

ಗೇಟಿನಿಂದ ಒಳಗೆ ನೇರವಾದ ರಸ್ತೆ. ರಸ್ತೆಯ ಕೊನೆಯಲ್ಲಿ, ಕ್ರೇನುಗಳ ಕೆಳಗೆ, ಹಡಗು ನಿಂತಿತ್ತು. ಪೂರ್ತಿ ಹಡಗು. ತುಕ್ಕು ಬಣ್ಣದ ಹೊಟ್ಟೆ, ಅದರ ಮೇಲೆ ಬಿಳಿಯ ಮನೆಯಂಥದ್ದು. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಮನುಷ್ಯ ಇರುವೆಯ ಹಾಗಿದ್ದ. ಇಷ್ಟು ದೊಡ್ಡದಕ್ಕೆ ನಾನು ಅಷ್ಟು ತೆಳ್ಳಗಿನ ಫೈಲು ಇಡುತ್ತಿದ್ದೆನೇ ಅನ್ನಿಸಿತು. ಮಗಳೂ ಫೋನು ಕೆಳಗಿಳಿಸಿದ್ದಳು. ಅತ್ತೆ ಕೈ ಅಡ್ಡ ಹಿಡಿದು ನೋಡಿದಳು. ಕೈ ಮುಗಿಯುತ್ತಾಳೆಂದು ಕಾದೆ, ಮುಗಿಯಲಿಲ್ಲ.

"ಹೆಂಗೈತ್ರಿ ಅತ್ತಿ?"

"ದೊಡ್ಡದೈತಿ" ಎಂದಳು. ನನ್ನ ಕೈಯಿಂದ ಚಪ್ಪಲಿ ಇಸಿದುಕೊಳ್ಳುತ್ತ, "ಖರೇ ಅಷ್ಟು ದೊಡ್ಡದೈತಿ ತಮ್ಮಾ. ಸಣ್ಣದ ಇರತೈತಿ, ಮಂದಿ ಸುಳ್ಳ ಹೇಳತಾರ ಅಂತ ಮಾಡಿದ್ನಿ."

ಮನೆಗೆ ಬಂದ ಮೇಲೆ ಮಗಳು ಆ ಹತ್ತು ತಾಣಗಳ ಪುಟದಲ್ಲಿ ಹನ್ನೊಂದನೆಯದಾಗಿ ಗೇಟಿನ ಬಗ್ಗೆ ಬರೆದು ಐದು ನಕ್ಷತ್ರ ಕೊಟ್ಟಳು. ಮರುದಿನ ಅದನ್ನು ಯಾರೋ ತೆಗೆದುಹಾಕಿದ್ದರು.

ಅತ್ತೆ ಊರಿಗೆ ಹೋದಳು. ಆದರೆ ಹೋಗುವ ಮೊದಲು ಡ್ರೈವರನ ಫೋನ್ ನಂಬರು ಪಡೆದಿದ್ದಳು ಎಂಬುದು ನನಗೆ ತಿಳಿದದ್ದು ಆಮೇಲೆ. ಕಲ್ಲು ತುಂಬಿಸಲು ಇಳಕಲ್ಲಿಗೆ ಬಂದಾಗಲೆಲ್ಲ ಅವನು ಅವಳ ಮನೆಯಲ್ಲಿ ಉಣ್ಣುತ್ತಾನೆ. ಅವನು ಇತ್ತ ಹೊರಡುವಾಗ ಅವಳು ನಮಗೆಂದು ಒಂದು ಚೀಲ ಕಟ್ಟಿಕೊಡುತ್ತಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಣ ಮೆಣಸಿನಕಾಯಿ. ಅವನು ಸರತಿ ಬಿಟ್ಟು ಬರುವಂತಿಲ್ಲ, ಆದ್ದರಿಂದ ಫೋನು ಬಂದಾಗ ನಾವೇ ಹೋಗಬೇಕು. ಆ ನೂರಾರು ಲಾರಿಗಳಲ್ಲಿ ಅವನದನ್ನು ಹುಡುಕುವುದರಲ್ಲಿ ಮಗಳು ನನಗಿಂತ ಚುರುಕು. "ಅಣ್ಣಾ, ಎಲ್ಲಿ ಅದೀರಿ? ಟ್ಯಾಂಕರ್ ಮುಂದಾ, ಹಿಂದಾ?" ಎಂದು ಫೋನಿನಲ್ಲಿ ಕೇಳುತ್ತಾಳೆ, ಕನ್ನಡದಲ್ಲಿಯೇ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಈಗಲೂ "ಎನ್ನಪ್ಪಾ?" ಎನ್ನುತ್ತಾಳೆ.

ಮೊನ್ನೆ ತಂದ ಚೀಲ ದಾರಿಯಲ್ಲಿ ಹರಿದಿತ್ತು. ಚಟ್ನಿಪುಡಿಗೆ ಕೆಂಪು ಕಲ್ಲಿನ ಧೂಳು ಬೆರೆತಿತ್ತು. ಬಣ್ಣದಲ್ಲಿ ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಹೆಂಡತಿ ಎರಡು ಸಲ ಜರಡಿ ಹಿಡಿದಳು. ಬಿಸಿ ಅನ್ನಕ್ಕೆ ಎಣ್ಣೆ ಹಾಕಿ ಕಲಸಿಕೊಂಡು ತಿಂದೆವು. ಹಲ್ಲಿಗೆ ಸ್ವಲ್ಪ ಕರಕರ ಎಂದಿತು. ಎರಡನೆಯ ಸಲವೂ ಹಾಕಿಸಿಕೊಂಡೆವು.